ಮಗ್ಗದ ಸಾಲಿನಲ್ಲಿ ಪಾಯಿಂಟರ್ ಪಾಠ

ಬೆಳಗಿನ ಆರೂ ಕಾಲು. ಬನಹಟ್ಟಿಯ ಚನಮಲ್ಲಪ್ಪನವರ ಶೆಡ್ಡಿನಲ್ಲಿ ಹನ್ನೆರಡು ಪವರ್‌ಲೂಮುಗಳು ಇನ್ನೂ ಬಾಯಿ ತೆರೆದಿಲ್ಲ. ಏಳಕ್ಕೆ ಸ್ವಿಚ್ ಒತ್ತಿದರೆ ಮುಗಿಯಿತು, ಆಮೇಲೆ ಕಿವಿಗೆ ಬಾಯಿ ಹಚ್ಚಿ ಕೂಗಿದರೂ ಮಾತು ಕೇಳುವುದಿಲ್ಲ. ಅದಕ್ಕೂ ಮೊದಲಿನ ಮುಕ್ಕಾಲು ತಾಸು ಇಲ್ಲಿ ಸಿ ಭಾಷೆಯ ತರಗತಿ ನಡೆಯುತ್ತದೆ. ಕಂಪ್ಯೂಟರ್ ಒಂದೂ ಇಲ್ಲ. ಇರುವುದು ಒಂಬತ್ತು ವಿದ್ಯಾರ್ಥಿಗಳು, ಒಂದು ಡಬ್ಬಿ ಸೀಮೆಸುಣ್ಣ, ಚಳಿಗೆ ಶಾಲು ಹೊದ್ದ ಸರಿತಾ.

ಮೊದಲ ನಾಲ್ಕು ಮಗ್ಗಗಳ ಕಬ್ಬಿಣದ ಪಟ್ಟಿಯ ಮೇಲೆ ಸರಿತಾ ಒಂದೊಂದು ಅಂಕಿ ಬರೆಯುತ್ತಾರೆ: ನಲವತ್ತು, ಐವತ್ತೆರಡು, ಮೂವತ್ತೆಂಟು, ಅರವತ್ತೊಂದು. ಮಧುಮತಿ ಎಂಬ ವಿದ್ಯಾರ್ಥಿನಿಯನ್ನು ಮೊದಲ ಮಗ್ಗದ ಮುಂದೆ ನಿಲ್ಲಿಸುತ್ತಾರೆ.

"ನೀ ಯಾರ ಬೇ?"

"ನಾ ಪಿ ರೀ, ಅಕ್ಕೋರ."

"ನಿನ್ನ ಕೈಯಾಗ ನಲವತ್ತ ಐತೇನು?"

"ಇಲ್ಲರಿ. ನಲವತ್ತ ಮಗ್ಗದ ಮ್ಯಾಲ ಐತಿ. ಯಾವ ಮಗ್ಗ ಅನ್ನೂದನ್ನ ನಾ ತೋರಸ್ತೇನಿ, ಅಷ್ಟ."

ಪಾಯಿಂಟರ್ ಎಂದರೆ ಇಷ್ಟೇ. ದಪ್ಪ ಪುಸ್ತಕಗಳು ಇದನ್ನೇ ಹೇಳಲು ಎರಡು ಅಧ್ಯಾಯ ತೆಗೆದುಕೊಂಡು, ಕೊನೆಗೆ ಓದುಗನನ್ನೇ ದೂರುತ್ತವೆ. "ಪಿ ಪ್ಲಸ್ ಪ್ಲಸ್" ಎನ್ನುತ್ತಾರೆ ಸರಿತಾ. ಮಧುಮತಿ ಎರಡನೆಯ ಮಗ್ಗಕ್ಕೆ ಸರಿಯುತ್ತಾಳೆ, ಅಂಕಿಗಳು ಇದ್ದಂತೆಯೇ ಇರುತ್ತವೆ. "ಬ್ರ್ಯಾಕೆಟ್ಟಿನ್ಯಾಗ ಸ್ಟಾರ್ ಪಿ, ಹೊರಗ ಪ್ಲಸ್ ಪ್ಲಸ್." ಸ್ಟಾರ್ ಪಿ ಎಂದರೆ ಪಿ ತೋರಿಸುತ್ತಿರುವ ಮಗ್ಗದ ಮೇಲಿನ ಅಂಕಿ. ಈಗ ಕಾಲು ಅಲ್ಲಾಡುವುದಿಲ್ಲ. ಐವತ್ತೆರಡನ್ನು ಒರೆಸಿ ಐವತ್ತಮೂರು ಬರೆಯುತ್ತಾಳೆ. "ಈಗ ಬ್ರ್ಯಾಕೆಟ್ ತೆಗಿ. ಸ್ಟಾರ್ ಪಿ ಪ್ಲಸ್ ಪ್ಲಸ್." ಮಧುಮತಿ ಐವತ್ತಮೂರನ್ನು ಒರೆಸಿ ಐವತ್ತನಾಲ್ಕು ಬರೆದು, ಮೂರನೆಯ ಮಗ್ಗಕ್ಕೂ ಹೋಗಿ ನಿಲ್ಲುತ್ತಾಳೆ.

"ಎರಡೂ ಮಾಡಿದೆಲ್ಲ ಬೇ. ಮದುವಿಮನ್ಯಾಗ ಎರಡ ಪಂಕ್ತಿಗೂ ಕುಂತಂಗಾತು."

ನಗು. ಸರಿತಾ ಮೂವತ್ತೆಂಟರ ಮುಂದೆ ನಿಂತು ತಾವೇ ಮಾಡಿ ತೋರಿಸುತ್ತಾರೆ. ಬ್ರ್ಯಾಕೆಟ್ ಇಲ್ಲದಿದ್ದರೆ ಪ್ಲಸ್ ಪ್ಲಸ್ ಅಂಟಿಕೊಳ್ಳುವುದು ಪಿಗೆ. ಈ ಮಗ್ಗದ ಅಂಕಿ ಓದಬೇಕು, ಮುಂದಿನ ಮಗ್ಗಕ್ಕೆ ಹೋಗಬೇಕು, ಅಂಕಿಯನ್ನು ಮುಟ್ಟಬಾರದು. ಬ್ರ್ಯಾಕೆಟ್ ಎಂದರೆ ಕಾಲು ಹಿಡಿದು ನಿಲ್ಲಿಸುವ ಕೈ.

ಸರಿತಾ ಅವರಿಗೆ ನಲವತ್ತೆರಡು ವರ್ಷ. ಜಮಖಂಡಿಯ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಹದಿನಾರು ವರ್ಷಗಳಿಂದ ಲ್ಯಾಬ್ ಅಟೆಂಡರ್. ಇಪ್ಪತ್ತೆಂಟು ಕಂಪ್ಯೂಟರುಗಳ ಧೂಳು ಒರೆಸುವುದು, ಅವುಗಳಲ್ಲಿ ಇಪ್ಪತ್ತೊಂದನ್ನಾದರೂ ಹೇಗೋ ಚಾಲೂ ಮಾಡುವುದು, ಪ್ರಿಂಟರಿಗೆ ಹಾಳೆ ತುಂಬುವುದು ಕೆಲಸ. ಕಾಲೇಜಿನಲ್ಲಿ ಎಲ್ಲರಿಗೂ ಅವರು ಬರೀ "ಸರಿತಾ". ಮೇಷ್ಟ್ರಮ್ಮ ಎಂಬ ಅರ್ಥದ "ಅಕ್ಕೋರ" ಎಂಬ ಬಿರುದು ನಡೆಯುವುದು ಬನಹಟ್ಟಿಯ ಈ ಶೆಡ್ಡಿನೊಳಗೆ, ಅದೂ ಏಳು ಗಂಟೆಯವರೆಗೆ ಮಾತ್ರ.

ಹತ್ತನೇ ತರಗತಿ ಮುಗಿದದ್ದೇ ಇದೇ ಓಣಿಯಲ್ಲಿ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತಲು ಕೂತರು. ದಿನಕ್ಕೆ ಮುನ್ನೂರು ಕಂಡಿಕೆ, ಒಂಬತ್ತು ವರ್ಷ. ತಂದೆಗೆ ದಮ್ಮು ಹಿಡಿದ ಮೇಲೆ ಅವರ ನಾಲ್ಕು ಮಗ್ಗಗಳನ್ನೂ ನೋಡಿಕೊಂಡರು. ಕಾಲೇಜು ಸೇರಿದಾಗ ಕಂಪ್ಯೂಟರಿನ ಮೌಸ್ ಮುಟ್ಟಲೂ ಹೆದರಿಕೆ.

"ವಾಸುದೇವ ಸರ್ ಪಾಠ ಮಾಡ್ತಿದ್ರು, ನಾ ಹಿಂದ ಕಸಾ ಹೊಡೀತಿದ್ನಿ," ಎನ್ನುತ್ತಾರೆ. "ಒಂದಿನ ಸರ್ ಅಂದ್ರು, ಸರಿತಾ, ನೀ ಅದೇ ಜಾಗಾ ಮೂರನೇ ಸಲ ಹೊಡಿಯಾಕತ್ತಿ, ಅಲ್ಲಿ ಕಸಾನ ಇಲ್ಲ, ಬಂದ ಕುಂದರು."

ಕೂತರು. ಈಗ ನಿವೃತ್ತರಾಗಿರುವ ವಾಸುದೇವ ಸರ್ ಎರಡು ವರ್ಷ, ಊಟದ ಬಿಡುವಿನಲ್ಲಿ, ತಮ್ಮ ಡಬ್ಬಿಯ ಭಕ್ಕರಿಯಲ್ಲಿ ಅರ್ಧ ಕೊಟ್ಟು ಸಿ ಕಲಿಸಿದರು. "ಅವರ ಋಣಾ ಅವರಿಗೇ ತೀರಿಸಾಕ ಆಗಂಗಿಲ್ರಿ. ಅವರಿಗೆ ಸಿ ಮೊದಲ ಬರತೈತಿ," ಎಂದು ಸರಿತಾ ನಗುತ್ತಾರೆ. ಹಾಗಾಗಿ ಏಳು ವರ್ಷಗಳಿಂದ ನೇಕಾರರ ಮಕ್ಕಳಿಗೆ ತೀರಿಸುತ್ತಿದ್ದಾರೆ. ಇಲ್ಲಿಯವರೆಗೆ ನೂರಾ ಹನ್ನೊಂದು ಮಂದಿ. ಚನಮಲ್ಲಪ್ಪನವರು ಜಾಗ ಬಿಟ್ಟುಕೊಟ್ಟಿದ್ದಾರೆ. ಪಾಯಿಂಟರ್ ಅವರಿಗೆ ಇನ್ನೂ ತಿಳಿದಿಲ್ಲ, ಆದರೆ ಯಾವ ಮಗ್ಗದ ಮೇಲೆ ಯಾವ ಅಂಕಿ ಇರಬೇಕೆಂಬುದು ಬಾಯಿಪಾಠವಾಗಿದೆ.

ಏಳು ವರ್ಷದಲ್ಲಿ ಸರಿತಾ ಒಂದು ವಿಷಯ ಪತ್ತೆ ಹಚ್ಚಿದ್ದಾರೆ. ಬ್ರ್ಯಾಕೆಟ್ ಮರೆಯುವವರು ಹೆಚ್ಚಾಗಿ ಶೆಡ್ಡಿನಲ್ಲಿ ದುಡಿಯುವವರೇ. ಒಬ್ಬರು ನಾಲ್ಕು ಮಗ್ಗ ನೋಡಿಕೊಳ್ಳುವ ಕಡೆ ನಿಂತು ಅಭ್ಯಾಸವಿರುವುದಿಲ್ಲ. ಕೈ ಈ ಮಗ್ಗ ಮುಟ್ಟುವಷ್ಟರಲ್ಲಿ ಕಾಲು ಮುಂದಿನದಕ್ಕೆ ಹೊರಟಿರುತ್ತದೆ. "ಬ್ಯಾರೇದವರು ತಲಿಯಿಂದ ತಪ್ಪ ಮಾಡ್ತಾರ. ನಮ್ಮವರು ಕಾಲಿನಿಂದ."

ತಾಯಿಯ ಜೊತೆ ಶೆಡ್ಡಿನಲ್ಲಿ ದುಡಿಯುತ್ತ ಸರಿತಾ ಅವರ ಕಾಲೇಜಿನಲ್ಲೇ ಓದುವ ಮಧುಮತಿ ಆ ತಪ್ಪಿನ ಮೇಲೇ ಎರಡು ಸಲ ಸಿ ಪ್ರಾಯೋಗಿಕ ಪರೀಕ್ಷೆಯಲ್ಲಿ ಫೇಲಾಗಿದ್ದಾಳೆ. ಉಳಿದ ವಿಷಯಗಳೆಲ್ಲ ಪಾಸು. ಇವತ್ತು ಹತ್ತು ಗಂಟೆಗೆ ಮೂರನೆಯ ಸಲ, ಕಾಲೇಜಿನ ನಿಯಮದ ಪ್ರಕಾರ ಕೊನೆಯ ಸಲ. ಇದೂ ಹೋದರೆ ಮೂರು ವರ್ಷದ ಓದು ಹೋದಂತೆಯೇ.

ಮಗ್ಗಗಳು ಶುರುವಾಗುತ್ತವೆ, ತರಗತಿ ಮುಗಿಯುತ್ತದೆ. ಇಬ್ಬರೂ ಒಂದೇ ಬಸ್ಸಿನಲ್ಲಿ ಜಮಖಂಡಿಗೆ ಹೋಗುತ್ತಾರೆ. ದಾರಿಯಲ್ಲಿ ಪಾಠದ ಮಾತಿಲ್ಲ. ಮಧುಮತಿ ಒಮ್ಮೆ ಮಾತ್ರ ಕೇಳುತ್ತಾಳೆ: "ಅಕ್ಕೋರ, ನೀವ ಲ್ಯಾಬಿನ್ಯಾಗ ಇರ್ತೀರಲ್ಲ?"

"ಇರ್ತೇನಿ. ಆದ್ರ ಅಲ್ಲಿ ನಾ ಅಕ್ಕೋರ ಅಲ್ಲ. ನನ್ನ ಮಾರಿ ನೋಡಬ್ಯಾಡ."

ಹತ್ತಕ್ಕೆ ಲ್ಯಾಬಿನಲ್ಲಿ ಪರೀಕ್ಷೆಯ ಪ್ರಶ್ನೆ ಬರುತ್ತದೆ: ನಾಲ್ಕು ಸಂಖ್ಯೆಗಳಿವೆ, ಪಾಯಿಂಟರ್ ಬಳಸಿ ಪ್ರತಿಯೊಂದಕ್ಕೂ ಒಂದು ಕೂಡಿಸಿ, ಮುದ್ರಿಸಿ. ಹತ್ತೂ ಮುಕ್ಕಾಲಿಗೆ ಹಾಳೆಯ ಕಟ್ಟು ಹಿಡಿದು ಸಾಲಿನ ಹಿಂದೆ ಹೋಗುತ್ತಿರುವ ಸರಿತಾ ಅವರಿಗೆ ಮಧುಮತಿಯ ಪರದೆ ಕಾಣುತ್ತದೆ. ಅಲ್ಲಿ *p++ ಎಂದಿದೆ. ಕೆಳಗೆ ನಾಲ್ಕು ಸಂಖ್ಯೆಗಳು ಒಂದೂ ಹೆಚ್ಚದೆ, ಕೊಟ್ಟಂತೆಯೇ ಮರಳಿ ಕೂತಿವೆ. ಕಾಲು ಮತ್ತೆ ಮುಂದೆ ಹೋಗಿದೆ.

ಒಂದು ಕೆಮ್ಮು ಸಾಕಿತ್ತು. ಕುರ್ಚಿಗೆ ಕಾಲು ತಾಗಿಸಿದ್ದರೂ ಸಾಕಿತ್ತು. ಸರಿತಾ ನೇರ ಪ್ರಿಂಟರಿನ ಹತ್ತಿರ ಹೋಗಿ, ಗೋಡೆಗೆ ಮುಖ ಮಾಡಿ, ತುಂಬಿದ್ದ ಹಾಳೆಗಳನ್ನೇ ತೆಗೆದು ಮತ್ತೆ ತುಂಬತೊಡಗುತ್ತಾರೆ. "ನಾ ಹೇಳಿದ್ದರ ಆಕಿ ಪಾಸ್ ಆಗ್ತಿದ್ಲು ಖರೆ," ಎಂದು ಆಮೇಲೆ ಹೇಳುತ್ತಾರೆ, "ಆದ್ರ ಆಕಿಗೆ ಬರತೈತೋ ಇಲ್ಲೋ, ಆಕಿಗೂ ಗೊತ್ತಾಗತಿರಲಿಲ್ಲ, ನನಗೂ."

ಮಧುಮತಿ ಪರದೆಯಿಂದ ಕಣ್ಣು ತೆಗೆದು ಮೇಜಿನ ಕೆಳಗೆ ತನ್ನ ಪಾದಗಳನ್ನೇ ನೋಡುತ್ತಿದ್ದಾಳೆ. ಬೇರೆ ಜಿಲ್ಲೆಯಿಂದ ಬಂದಿರುವ ಪರೀಕ್ಷಕರು ಅಲ್ಲಿ ಚೀಟಿ ಇದೆಯೇನೋ ಎಂದು ಬಗ್ಗಿ ನೋಡುತ್ತಾರೆ. ಬರೀ ಚಪ್ಪಲಿ. ಆಮೇಲೆ ಅವಳು ಎರಡು ಸಾಲು ಬರೆಯುತ್ತಾಳೆ: ಮೊದಲು (*p)++, ಅದರ ಕೆಳಗೆ ಬೇರೆಯಾಗಿ p++. ನಾಲ್ಕೂ ಸಂಖ್ಯೆಗಳು ಒಂದೊಂದು ಹೆಚ್ಚಾಗಿ ಬರುತ್ತವೆ.

"ಬ್ರ್ಯಾಕೆಟ್ ಯಾಕೆ ಹಾಕಿದೆ?" ಪರೀಕ್ಷಕರು ಕೇಳುತ್ತಾರೆ.

"ಇಲ್ಲಂದ್ರ ನಾ ಮುಂದಿನ ಮಗ್ಗಕ್ಕ ಹೋಗಿಬಿಡ್ತೇನ್ರಿ ಸರ್. ಅಂಕಿ ಹಂಗ ಉಳೀತೈತಿ."

"ಯಾವ ಮಗ್ಗ?"

ಮಧುಮತಿ ಪರೀಕ್ಷಕರ ಪೆನ್ನು, ಕನ್ನಡಕದ ಡಬ್ಬಿ, ಚಹಾದ ಕಪ್ಪು, ಹಾಜರಿ ಪುಸ್ತಕ ನಾಲ್ಕನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು, ಬೆರಳು ಓಡಿಸಿ ವಿವರಿಸುತ್ತಾಳೆ. ಪರೀಕ್ಷಕರು ಕೊನೆಯವರೆಗೂ ಕೇಳಿ, ಚಹಾದ ಕಪ್ಪನ್ನು ಮಾತ್ರ ವಾಪಸು ತೆಗೆದುಕೊಂಡು, "ಪಾಸು, ಹೋಗಮ್ಮ" ಎನ್ನುತ್ತಾರೆ. ಯಾರು ಕಲಿಸಿದರೆಂದು ಕೇಳುವುದಿಲ್ಲ. ಗೋಡೆಗೆ ಮುಖ ಮಾಡಿದ ಸರಿತಾ ಹಾಳೆಯ ಟ್ರೇ ಮುಚ್ಚುತ್ತಾರೆ.

ಗೇಟಿನಲ್ಲಿ ಮಧುಮತಿಯ ತಂದೆ ಮಲ್ಲಿನಾಥ ಒಂಬತ್ತು ಗಂಟೆಯಿಂದ ನಿಂತಿದ್ದಾರೆ. ಕಬ್ಬಿನ ಟ್ರ್ಯಾಕ್ಟರನ್ನು ಮುಧೋಳದ ಸಕ್ಕರೆ ಕಾರ್ಖಾನೆಯ ಮುಂದಿನ ಸರದಿಯಲ್ಲಿ ಬಿಟ್ಟು, ಸಂಜೆಯವರೆಗೆ ಅದು ಅಲ್ಲಾಡುವುದಿಲ್ಲ ಎಂಬ ಧೈರ್ಯದ ಮೇಲೆ ಬಸ್ ಹತ್ತಿ ಬಂದಿದ್ದಾರೆ. ಮಗಳು ಸುದ್ದಿ ಹೇಳಿದ ಮೇಲೆ ಅವರು ಸ್ವಲ್ಪ ಹೊತ್ತು ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಾರೆ. ಆಮೇಲೆ ಊಟದ ಬಿಡುವಿಗೆ ಹೊರಬಂದ ಸರಿತಾ ಅವರ ಕಡೆ ತಿರುಗುತ್ತಾರೆ.

"ಅಕ್ಕೋರ, ಸೀರಿ ತರೂನಂದ್ರ ನೀವು ಸೀರಿ ನೇಯೋ ಮನಿಯವರು. ಏನ ಬೇಕ ನೀವ ಹೇಳ್ರಿ. ನಾವು ಸುಮ್ಮನ ಹೋಗಂಗಿಲ್ಲ."

ಬೇಡ, ಬೇಡ ಎಂದು ಮೂರು ಸಲ ಆದ ಮೇಲೆ ಸರಿತಾ ಯೋಚಿಸುತ್ತಾರೆ.

"ಉಳದವರಿಗೆ ಮುಂದಿನ ತಿಂಗಳ ಲಿಂಕ್ಡ್ ಲಿಸ್ಟ್ ಅಂತ ಒಂದ ಪಾಠ ಐತ್ರಿ. ಅದರಾಗ ಒಂದಕ್ಕೊಂದು ಕೊಂಡಿ ಹಾಕಿಕೊಂಡ ಹೋಗತಾವು. ಅದಕ್ಕ ಮಗ್ಗ ಉಪಯೋಗ ಆಗಂಗಿಲ್ಲ. ಎರಡ ಟ್ರೇಲರ್ ಇದ್ದ ಟ್ರ್ಯಾಕ್ಟರ್ ಒಂದ ಬೇಕಾಗಿತ್ತು. ಶೆಡ್ಡಿನ ಮುಂದ, ಮುಂಜಾನೆ ಅರ್ಧಾ ತಾಸು."

ಮಲ್ಲಿನಾಥ ಇದನ್ನು ಬಾಡಿಗೆಯವರ ಮಾತಿನಷ್ಟೇ ಗಂಭೀರವಾಗಿ ಕೇಳಿಸಿಕೊಳ್ಳುತ್ತಾರೆ.

"ಲೋಡ್ ಇದ್ದದ್ದು ತರಲ್ಯೋ, ಖಾಲಿದೋ?"

"ಖಾಲಿದ ಸಾಕ್ರಿ," ಎನ್ನುತ್ತಾರೆ ಸರಿತಾ. "ಕೊನೀ ಟ್ರೇಲರಿನ ಕೊಂಡಿಗೆ ಮಾತ್ರ ಏನೂ ಕಟ್ಟಬ್ಯಾಡ್ರಿ. ಅಲ್ಲಿ ಏನೂ ಇಲ್ಲ, ಲಿಸ್ಟ್ ಅಲ್ಲಿಗೆ ಮುಗೀತು ಅನ್ನೂದೂ ಹುಡುಗ್ರು ನೋಡಬೇಕು."