ಹವಾಲ್ದಾರ್ ಸಣ್ಣಬೀರಪ್ಪನ ಕಂಬಳಿ

ನಿಟ್ಟುವಳ್ಳಿಯಿಂದ ಹರಿಹರ ಮುಟ್ಟುವಷ್ಟರಲ್ಲಿ ಸ್ವಾತಿ ಮಗಳ ಹಣೆಯನ್ನು ಎಷ್ಟು ಸಲ ಮುಟ್ಟಿ ನೋಡಿದಳೋ. ಬಸ್ಸಿನ ಕಿಟಕಿ ಮುಚ್ಚಿದರೆ ಸೆಕೆ, ತೆಗೆದರೆ ಧೂಳು.

"ಸುಮ್ಕಿರು ಮಾರಾಯ್ತಿ, ಅಪ್ಪನ ವರ್ಷದ ಎಡೆಗೆ ಹೊಂಟೀವಿ, ಆಸ್ಪತ್ರೆಗಲ್ಲ" ಎಂದ ಗಂಡ ಮಾಲತೇಶ.

ನೆಗಡಿಗಿಂತ ದೊಡ್ಡ ಚಿಂತೆ ಕಂಬಳಿಯದು ಎಂದು ಅವನಿಗೆ ಹೇಳುವುದು ಹೇಗೆ?

ಆ ಮನೆತನದಲ್ಲಿ ಒಂದು ಪದ್ಧತಿ. ಹಿರಿಯರು ತೀರಿಕೊಂಡು ವರ್ಷ ತುಂಬಿದ ದಿನ ಅವರು ಹೊದ್ದ ಕರಿಕಂಬಳಿ ಹಾಸಿ, ಅದರ ಮೇಲೆ ಎಡೆ ಇಡುತ್ತಾರೆ. ಎಡೆ ಎತ್ತಿದ ಮೇಲೆ ಮನೆಯ ಹಿರಿಯ ಹೆಂಗಸು ಒಂದು ಮೊಮ್ಮಗುವನ್ನು ಕರೆದು ಅಲ್ಲಿ ಕೂರಿಸುತ್ತಾಳೆ. ಕೂತ ಮಗುವಿಗೇ ಕಂಬಳಿ. ಸತ್ತವರ ಜೀವ ಯಾರ ಮೇಲಿತ್ತು ಎನ್ನುವುದಕ್ಕೆ ನಂಟರ ಮುಂದೆ ಅದೇ ಸಾಕ್ಷಿ. ಇರುವ ಮೊಮ್ಮಕ್ಕಳು ಇಬ್ಬರು. ಹರಿಹರದ ವಾರಗಿತ್ತಿ ಸುಮಾಳ ಮಗ, ಆರು ವರ್ಷದ ಮಾರುತಿ. ಮತ್ತು ಇನ್ನೂ ಮೂರು ತುಂಬದ ತನ್ನ ಪುಟ್ಟಿ. ಕೂರುವವರು ಯಾರೆಂದು ಎಲ್ಲರಿಗೂ ಗೊತ್ತಿತ್ತು. ಅದಕ್ಕೇ ಸ್ವಾತಿಯ ಹೊಟ್ಟೆಯಲ್ಲಿ ಬೆಳಗಿನಿಂದ ಕಿಚ್ಚು.

ಮಾವ ಸಣ್ಣಬೀರಪ್ಪ ಮಲೆಬೆನ್ನೂರಿನಾಚೆಯ ಹಳ್ಳಿಯಲ್ಲಿ ಕುರಿ ಕಾಯುತ್ತ ಬೆಳೆದವರು. ಮೀಸೆ ಮೂಡುವ ಹೊತ್ತಿಗೆ ಮಿಲ್ಟ್ರಿ ಸೇರಿದರು. ತಾಯಿ ನೂತ ಉಣ್ಣೆಯ ಕಂಬಳಿ ಟ್ರಂಕಿನಲ್ಲಿ ಅವರ ಜೊತೆಗೇ ಗಡಿ ಕಂಡು ಬಂತು. ಹವಾಲ್ದಾರರಾಗಿ ಮರಳಿದವರು ದಾವಣಗೆರೆಯ ಒಂದು ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಂತು ಇಬ್ಬರು ಗಂಡುಮಕ್ಕಳನ್ನು ಓದಿಸಿದರು. ಎಪ್ಪತ್ತೊಂದರ ಯುದ್ಧದ ಬಗ್ಗೆ ಯಾರಾದರೂ ಕೇಳಿದರೆ ಗುಂಡು ಗಿಂಡು ಅಂತ ಏನೂ ಹೇಳುತ್ತಿರಲಿಲ್ಲ. ಹೇಳುತ್ತಿದ್ದದ್ದು ಒಂದೇ ಕಥೆ.

"ಬೆಳಗಿನ ಜಾವ, ಮುಂದಿನ ಮನುಷ್ಯ ಕಾಣ್ದಂಗೆ ಮಂಜು. ನಾನು ಕಾವಲಿಗೆ ನಿಂತೀನಿ. ಬಂದ್ರು ನಮ್ ಮೇಜರ್ ಸಾಹೇಬ್ರು, ಗುರುತಿನ ಮಾತು ಹೇಳ್ಲಿಲ್ಲ. ನಿಲ್ಲು ಅಂದೆ. ನಾನ್ಯಾರು ಗೊತ್ತೇನೋ ಅಂದ್ರು. ಗೊತ್ತು ಸಾಹೇಬ್, ಆದ್ರೂ ನಿಲ್ಲು ಅಂದೆ. ನಿಂತ್ರು ನೋಡವ್ವಾ! ಕಾವಲಿಗೆ ನಿಂತೋನ ಮಾತು ಯಾರೂ ಮೀರಂಗಿಲ್ಲ."

ನಿವೃತ್ತಿಯ ಮೇಲೆ ಅವರು ಹರಿಹರದ ಹಿರಿಮಗನ ಮನೆಯಲ್ಲೇ ಉಳಿದರು. ಸುಮಾಳ ಫೋನಿನ ಸ್ಟೇಟಸ್ಸಿನಲ್ಲಿ ದಿನಾ ಅವರದೇ ಫೋಟೋ: ಮಾರುತಿ ಅಜ್ಜನ ಹೆಗಲ ಮೇಲೆ, ಮಾರುತಿ ಅಜ್ಜನ ಟೋಪಿಯಲ್ಲಿ, ತುಂಗಭದ್ರೆಯ ದಂಡೆಯಲ್ಲಿ ಇಬ್ಬರ ಬಾಯಲ್ಲೂ ಮಿರ್ಚಿ. ಸ್ವಾತಿ ಬೆರಳಲ್ಲಿ ಎಳೆದು ದೊಡ್ಡದು ಮಾಡಿ ನೋಡುವಳು. ನೋಡಿ ಫೋನ್ ಬಿಸಾಡುವಳು.

ನಿಟ್ಟುವಳ್ಳಿಗೆ ಬಂದರೆ ಅದೇ ಮಾವ ಬೇರೆ ಮನುಷ್ಯ. ಕೋಣೆಯ ಹೊಸ್ತಿಲ ಆಚೆಗೇ, ಕೈ ಎರಡೂ ಬೆನ್ನ ಹಿಂದೆ ಕಟ್ಟಿ ನಿಲ್ಲುವರು.

"ಎಲ್ಲಾ ಠೀಕ್ ಐತೇನವ್ವಾ?"

"ಎಲ್ಲಿ ಠೀಕ್ ಮಾವ! ಮೂಗು ಕಟ್ಟೈತೆ. ಗಂಜಿ ಬಾಯಿಗಿಟ್ರೆ ಉಗುಳ್ತಾಳೆ. ತೂಕಾನೇ ಏರ್ತಿಲ್ಲ."

ಅವರು ತಲೆಯಾಡಿಸಿ, ತಂದ ಬಾಳೆಹಣ್ಣು ಗೂಡಿನಲ್ಲಿಟ್ಟು, ಕಟ್ಟೆಯ ಮೇಲೆ ಕೂತು ಚಹಾ ಕುಡಿದು ಹೊರಟುಬಿಡುವರು. ಹೆಣ್ಣೆಂದೋ, ಪೇಟೆಯ ಸೊಸೆ ಹೆತ್ತದ್ದೆಂದೋ? ಕೂಸನ್ನು ಒಂದು ದಿನವೂ ಎತ್ತಿಕೊಳ್ಳಲಿಲ್ಲ. ಹಾಗೇ ತೀರಿಕೊಂಡರು.

ಹರಿಹರದ ಅಡುಗೆಮನೆಯಲ್ಲಿ ಸುಮಾ ಹೋಳಿಗೆ ಬೇಯಿಸುತ್ತಿದ್ದಳು.

"ಬಾರೇ, ಕೂಡ್ರು. ಪುಟ್ಟಿ ಯಾಕ ಬಾಡ್ಯಾಳೆ?"

"ನಿಮಗಾದ್ರೂ ಕಾಣ್ತೈತಲ್ಲ ಅಕ್ಕ. ಬಿಡ್ರಿ, ಇವತ್ತು ನಿಮ್ಮ ಮಾರುತಿಗೆ ಪಟ್ಟಾಭಿಷೇಕ."

ಸುಮಾಳ ಲಟ್ಟಣಿಗೆ ನಿಂತಿತು. "ಏನಂದಿ?"

"ಇದ್ದದ್ದೇ ಅಂದೆ. ಮಾವ ನನ್ನ ಮಗಳನ್ನ ಒಂದಿನಾನೂ ಮುಟ್ಟಲಿಲ್ಲ."

"ಅಯ್ಯ ಇವಳ! ಮುಟ್ಟಬ್ಯಾಡ್ರಿ ಅಂದೋಳು ನೀನೇ ಅಲ್ಲೇನೇ? ಹೆತ್ತು ಬಂದ ದಿನ ನಮ್ಮನ್ನೆಲ್ಲ ಬಾಗಿಲಾಗೇ ನಿಲ್ಲಿಸಿ ಏನಂದಿ? ತಿಂಗಳು ತುಂಬದ ಕೂಸು, ನಾನು ಹೇಳೋತಂಕ ಯಾರೂ ಮುಟ್ಟಂಗಿಲ್ಲ ಅಂದಿ. ನಾವೆಲ್ಲ ಆಮೇಲೆ ಮರೆತು ಎತ್ತಿ ಆಡಿಸಿದ್ವಿ. ಮಾವ ಮರೀಲಿಲ್ಲ. 'ಸ್ವಾತಿ ಕಾವಲಿಗೆ ನಿಂತಾಳೆ, ಅವಳ ಹುಕುಂ ಆಗ್ಬೇಕು' ಅಂತಿದ್ರು. ಬಂದಾಗೆಲ್ಲ ನಿನ್ನ ಕೇಳ್ತಿದ್ರಲ್ಲ, ಎಲ್ಲಾ ಠೀಕ್ ಐತಾ ಅಂತ? ಠೀಕ್ ಐತೆ ಅಂತ ಒಂದ್ಸಲ ಅಂದಿದ್ರೆ ಒಳಗೆ ಬರ್ತಿದ್ರು."

ಸ್ವಾತಿ ಮಗಳ ಮೂಗು ಒರೆಸಿದಳು. "ಬಾಯಿಬಿಟ್ಟು ಹೇಳಬಾರದಿತ್ತಾ ಅವ್ರು? ನೀವಾದ್ರೂ ಹೇಳಬಾರದಿತ್ತಾ ಅಕ್ಕ?"

"ಯಾಕ ಹೇಳ್ಲಿ? ನನಗೂ ಹೊಟ್ಟೆ ಉರೀತಿತ್ತು" ಎಂದಳು ಸುಮಾ, ಮುಚ್ಚುಮರೆಯಿಲ್ಲದೆ. "ಮಗೂಗೆ ಖಾರ ಬ್ಯಾಡ ಅಂದ್ರೆ ಎರಡು ಮಿರ್ಚಿ ತಿನ್ನಿಸ್ತಿದ್ರು. ಹೊಳಿ ನೀರು ಬ್ಯಾಡ ಅಂದ್ರೆ ಹೊಳಿಗೇ ಇಳಿಸ್ತಿದ್ರು. ಇಷ್ಟು ವರ್ಷ ಬೇಯಿಸಿ ಹಾಕೀನಿ, ನನ್ನ ಒಂದು ಮಾತು ಕೇಳಿದ್ರಾ? ನಿನ್ನ ಮಾತಿಗೆ ಮಾತ್ರ ಆ ಮೇಜರ್ ಸಾಹೇಬ್ರಂಗೆ ನಿಂತ್ರು. ಬಾಗಿಲು ದಾಟ್ಲಿಲ್ಲ!"

ಹಂಚಿನ ಮೇಲೆ ಹೋಳಿಗೆ ಸೀದಿತು. ಇಬ್ಬರೂ ನೋಡಲಿಲ್ಲ.

ಕಾರಣ ತಿಳಿದ ಮೇಲೆ ಕಿಚ್ಚು ಆರಬೇಕಿತ್ತು. ಆರಲಿಲ್ಲ, ಇನ್ನಷ್ಟು ಹತ್ತಿತು. ಮಾರುತಿಗೆ ಅಜ್ಜನ ಹೆಗಲು ಸಿಕ್ಕಿತ್ತು, ತನಗೆ ಸಿಕ್ಕದ್ದು ಮರ್ಯಾದೆ. ಮರ್ಯಾದೆಯ ಮೇಲೆ ಮಗಳನ್ನು ಕೂರಿಸಿ ಹೊಳೆ ತೋರಿಸಲಾಗುತ್ತದೆಯೇ?

ನಡುಮನೆಯಲ್ಲಿ ಅತ್ತೆ ಮರಿಯವ್ವ ಎಡೆ ಎತ್ತಿದರು. ಹೋಳಿಗೆ, ಮಂಡಕ್ಕಿ, ಪುಟ್ಟ ಲೋಟದಲ್ಲಿ ಮಿಲ್ಟ್ರಿ ಕ್ಯಾಂಟೀನಿನ ರಮ್ಮು, ಒಂದು ಕಟ್ಟು ಬೀಡಿ. ಖಾಲಿಯಾದ ಕಂಬಳಿ ನಂಟರ ನಡುವೆ ಕಪ್ಪಗೆ ಬಿದ್ದಿತ್ತು. ಮಾರುತಿ ಆಗಲೇ ಚಡ್ಡಿ ಮೇಲೆಳೆದುಕೊಂಡು ತಯಾರಾಗಿದ್ದ. ಮರಿಯವ್ವ ಅವನನ್ನು ದಾಟಿ, ಬಾಗಿಲಲ್ಲಿ ಮಗಳನ್ನು ಸೊಂಟಕ್ಕೇರಿಸಿ ನಿಂತ ಸ್ವಾತಿಯನ್ನು ನೋಡಿದರು.

"ಎಲ್ಲಾ ಠೀಕ್ ಐತೇನವ್ವಾ?"

ಗಂಡನದೇ ಮಾತು, ಅದೇ ರಾಗ. ಪುಟ್ಟಿಯ ಮೂಗು ಸೋರುತ್ತಿತ್ತು. ಆ ಕಂಬಳಿಯಲ್ಲಿ ಎಷ್ಟು ಕಾಲದ ಧೂಳೋ! ಹೋದ ವಾರವಷ್ಟೇ ಉಬ್ಬಸ ಬಂದಿತ್ತು, ಡಾಕ್ಟರು ಬೈದಿದ್ದರು. ಎಲ್ಲವೂ ಸ್ವಾತಿಯ ನಾಲಿಗೆಯ ತುದಿಗೆ ಬಂದು ಸಾಲಾಗಿ ನಿಂತವು.

"ಠೀಕ್ ಐತ್ರಿ ಅತ್ತಿ."

"ಹಂಗಾರೆ ಇಳಿಸು ಕೂಸನ್ನ. ಅವ್ರಂತೂ ಎತ್ಕೊಳ್ಳಲಿಲ್ಲ. ಕಂಬಳಿಯಾದ್ರೂ ಎತ್ಕೊಳ್ಲಿ."

ಸುಮಾಳ ಮುಖ ಸೀದ ಹೋಳಿಗೆಯಾಯಿತು. ಮಗಳನ್ನು ಕಂಬಳಿಯ ಅಂಚಿಗೆ ಇಳಿಸಿದ ಸ್ವಾತಿಗೆ ಎದೆಯುಬ್ಬಿತು. ಅದು ಉಬ್ಬಿದ್ದಷ್ಟೇ, ಪುಟ್ಟಿ ತೊಡೆ ಕೆರೆದುಕೊಂಡು ಅಳು ತೆಗೆದಳು. "ಅಮ್ಮಾ, ಚುಚ್ತೈತೆ!"

"ಅಂಚಿಗೆ ಕೂಡ್ರಬ್ಯಾಡ" ಎಂದ ಮಾರುತಿ, ಕಣ್ಣೊರೆಸಿಕೊಳ್ಳುತ್ತ. "ನಡುವೆ ಕೂಡ್ರು. ಅಜ್ಜ ಮಲಗಿ ಮಲಗಿ ಅಲ್ಲಿ ಮೆತ್ತಗಾಗೈತೆ."

ಪುಟ್ಟಿ ನಡುವಿಗೆ ಸರಿದಳು. ಅಳು ನಿಂತಿತು.

ಕಂಬಳಿ ಮಗಳದಾಯಿತು. ಅದರ ಮೆತ್ತನೆಯ ಜಾಗ ಮಾತ್ರ ಇನ್ನೊಬ್ಬಳ ಮಗನಿಗೆ ಗೊತ್ತು. ಎಲ್ಲಿ ಹರಿದಿದೆ, ಹೇಗೆ ಮಡಿಸಬೇಕು, ಅದನ್ನು ಹೊದ್ದವರು ಹೇಗೆ ನಗುತ್ತಿದ್ದರು ಎನ್ನುವುದೆಲ್ಲ ಅವನಿಗೇ ಗೊತ್ತು. ಅದನ್ನು ಯಾವ ಪದ್ಧತಿಯಿಂದ ಕಸಿಯುವುದು?

ಹೊರಡುವಾಗ ಸ್ವಾತಿಯೇ ಮಾರುತಿಯನ್ನು ಕರೆದಳು. "ನಿಟ್ಟುವಳ್ಳಿಗೆ ಬಾರೋ. ಇವಳಿಗೆ ಅಜ್ಜನ ಕಥೆ ಹೇಳೀಯಂತೆ."

"ಕೈ ತೊಳ್ಕೊಂಡು ಬರ್ಬೇಕಾ ಚಿಕ್ಕಮ್ಮ?"

ಮೊದಲು ನಕ್ಕವಳು ಸುಮಾ. ಸ್ವಾತಿ ತೊಳೆಯೋದು ಬ್ಯಾಡ ಎನ್ನಲು ಬಾಯಿ ತೆರೆದಳು, ಮಗಳ ಮೂಗು ನೋಡಿದಳು.

"ತೊಳ್ಕೊಂಡೇ ಬಾ. ಆದ್ರೆ ಬಾ."