ಅತ್ತೆಯ ಮುಂದೆ ಎರಡು ಡಬ್ಬಿ

ಧಾರವಾಡದಿಂದ ವಿದೇಶದ ಮಿಲ್ಟನ್ ಊರಿನ ನಮ್ಮ ಮನೆಗೆ ಬಂದ ಅತ್ತೆಯ ಸೂಟ್‌ಕೇಸಿನಲ್ಲಿ ಸೀರೆಗಿಂತ ಗಿಡಮೂಲಿಕೆ ಪುಡಿಗಳೇ ಹೆಚ್ಚು. ನಾನು ಒಳಗೊಳಗೇ ನಕ್ಕಿದ್ದೆ. ಆದರೆ ಬರೀ ಕೆಮ್ಮಿಗೆ ಕಷಾಯ ಕೊಡಬೇಕಾದರೂ ಅವರು ಮೊದಲು ಕೂರಿಸಿ ಕೇಳುತ್ತಿದ್ದರು: "ನಿನ್ನಿಯಿಂದ ಏನೇನ್ ತಿಂದಿ, ಯಾವ ಗುಳಗಿ ತಗೊಂಡಿ, ಎಲ್ಲಾ ಹೇಳು. ಆಮ್ಯಾಲ ಕೊಡ್ತೀನಿ."

ಆ ಪ್ರಶ್ನೆಗೆ ನಾನು ಹೆದರುತ್ತಿದ್ದೆ. ಒಂದು ವರ್ಷದಿಂದ ಖಿನ್ನತೆಗೆ ಮಾತ್ರೆ ನುಂಗುತ್ತಿದ್ದೆ. ಗಂಡನಿಗೆ ಗೊತ್ತಿತ್ತು. ಅತ್ತೆಗೆ ಗೊತ್ತಾದರೆ ಸೊಸೆಗೆ ತಲೆ ಸರಿಯಿಲ್ಲ ಎಂದುಕೊಂಡಾರು ಎಂಬ ಅಂಜಿಕೆ. ಮುಂದೆ ಮಾತ್ರೆ ಬಿಡುವ ಆಸೆಯಿಂದ, ಅದರ ಜೊತೆಗೇ ಸೇಂಟ್ ಜಾನ್ಸ್ ವರ್ಟ್ ಎಂಬ ಹಳದಿ ಹೂವಿನ ಗಿಡದ ಕ್ಯಾಪ್ಸೂಲನ್ನೂ ಶುರುಮಾಡಿದೆ. ಆಫೀಸಿನ ಗೆಳತಿಯ ಮಂಕು ಅದರಿಂದಲೇ ಕಳೆದಿತ್ತು. ಅವಳು ಬೇರೇನೂ ತೆಗೆದುಕೊಳ್ಳುತ್ತಿರಲಿಲ್ಲ ಎಂಬುದು ನನಗೆ ಹೊಳೆಯಲಿಲ್ಲ. ಅತ್ತೆಯ ಪುಡಿಗೆ ನಕ್ಕವಳಿಗೆ ಅಂಗಡಿಯ ಗಿಡದ ಮೇಲೆ ಎಲ್ಲಿಲ್ಲದ ನಂಬಿಕೆ. ಹಿತ್ತಲ ಗಿಡ ಮದ್ದಲ್ಲ, ನೋಡಿ. ಮಾತ್ರೆ ಬರೆದುಕೊಡುವ ಕ್ಲಿನಿಕ್ಕಿನ ಫಾರ್ಮಿನಲ್ಲಿ ಬೇರೆ ಔಷಧ ಏನಾದರೂ ಉಂಟೇ ಎಂಬಲ್ಲಿ 'ಇಲ್ಲ' ಎಂದು ಬರೆದೆ. ಗಿಡ, ಸೊಪ್ಪನ್ನೆಲ್ಲ ನಮ್ಮಲ್ಲಿ ಯಾರು ಫಾರ್ಮಿನಲ್ಲಿ ಬರೆಯುತ್ತಾರೆ?

ವಾರದೊಳಗೆ ಮೈಯೆಲ್ಲ ಬೆವರು, ಕೈನಡುಕ, ಎದೆ ಡವಡವ. ಚಹಾ ತುಳುಕಿದ್ದನ್ನು ನೋಡಿ ಅತ್ತೆ ಅದೇ ಪ್ರಶ್ನೆ ಕೇಳಿದರು. "ಏನಿಲ್ರಿ ಅತ್ಯಾರ" ಎಂದೆ. ಅವರು ಕೂತಲ್ಲಿಂದ ಏಳಲಿಲ್ಲ. ಕೊನೆಗೆ ಎರಡೂ ಡಬ್ಬಿ ತಂದು ಅವರ ಮುಂದಿಟ್ಟು ಎಲ್ಲ ಹೇಳಿದೆ.

ಬೈಯಲಿಲ್ಲ. "ಗಿಡಕ್ಕೂ ಜೋರ್ ಇರ್ತೈತಿ. ಜೋರಿಲ್ಲಂದ್ರ ನಾವ್ಯಾಕ ಕೊಡ್ತಿದ್ವಿ?" ಎಂದವರೇ ಮಗನಿಂದ ಕಾರು ತೆಗೆಸಿ ನನ್ನನ್ನು ಎಮರ್ಜೆನ್ಸಿಗೆ ಕರೆದೊಯ್ದರು. ಇವೆರಡೂ ಸೇರಿದರೆ ಜೀವಕ್ಕೇ ಅಪಾಯ, ಕ್ಯಾಪ್ಸೂಲ್ ನಿಲ್ಲಿಸಿ, ಮಾತ್ರೆ ಮತ್ತೆ ಯಾವಾಗ ಎಂದು ನಾವು ಹೇಳುತ್ತೇವೆ ಎಂದರು ಅಲ್ಲಿನ ವೈದ್ಯೆ. ತಮ್ಮ ಅಶ್ವಗಂಧದ ಪುಡಿಯನ್ನು ನನಗೆ ಕೊಡಬಹುದೇ ಎಂದೂ ಅತ್ತೆ ಮಗನ ಕಡೆಯಿಂದ ಕೇಳಿಸಿದರು. ಸದ್ಯ ಅದೂ ಬೇಡ ಎಂಬ ಉತ್ತರ ಬಂತು. ಜೀವಮಾನವಿಡೀ ನಂಬಿದ ಪುಡಿಯನ್ನು ಆ ಹೆಂಗಸು ಅವತ್ತೇ ಕಟ್ಟಿಟ್ಟರು. ನನಗೆ ಅವರ ಮೇಲೆ ಬಂದ ಗೌರವ ಅಷ್ಟಿಷ್ಟಲ್ಲ.

ನಾನು ಚೇತರಿಸಿಕೊಂಡು ಮನೆಯಲ್ಲಿದ್ದಾಗ ಊರಿನಿಂದ ಅವರ ತಂಗಿಯ ಫೋನು ಬಂತು. ಪಕ್ಕದಲ್ಲೇ ಕೂತಿದ್ದ ನನ್ನ ಕೈ ಹಿಡಿದುಕೊಂಡು ಅತ್ತೆ ಹೇಳಿದರು: "ನಮ್ಮ ಸೊಸಿಗೆ ಮನಸಿನ ಬ್ಯಾನಿ ಐತಿ. ಡಾಕ್ಟರ್ ಗುಳಗಿ ನಡದೈತಿ. ಆರಾಮಾಗ್ತಾಳ."

ವರ್ಷವಿಡೀ ನಾನು ಬಾಯಿಬಿಡಲಾರದ ಮಾತನ್ನು ಮಂಡಿನೋವಿನ ಸುದ್ದಿಯಂತೆ ಹೇಳಿ ಮುಗಿಸಿ, ಅದೇ ದನಿಯಲ್ಲಿ, ಅಲ್ಲಿ ಮಳೆ ಆಯಿತೇ ಎಂದು ಕೇಳಿದರು.