ಮಗಳ ಕ್ಯಾಲೆಂಡರು
ಪಕ್ಕದ ಮನೆಯ ಭಾರತಿ ಲಿಂಗಸುಗೂರಿನ ಕಚೇರಿ ಮುಗಿಸಿ ಮಸ್ಕಿಗೆ ಬರುವಷ್ಟರಲ್ಲಿ ಬಸ್ಸಿನಲ್ಲಿ ನಿಂತೇ ಅರ್ಧ ನಿದ್ದೆ ಮಾಡಿರುತ್ತಾಳೆ. ಚಪ್ಪಲಿ ಕಳಚುವ ಮೊದಲೇ, "ಯವ್ವಾ, ಇವತ್ತ ಕೂಸು ಏನ್ ಮಾಡ್ತು?" ಎಂದು ಕೇಳುತ್ತಾಳೆ. ತಾಯಿ ಗದ್ದೆಮ್ಮ ಹೇಳಿದ್ದನ್ನು ಗೋಡೆಯ ಕ್ಯಾಲೆಂಡರಿನಲ್ಲಿ, ಆ ದಿನದ ಚೌಕದೊಳಗೆ, ಒಂದೇ ಸಾಲಿನಲ್ಲಿ ಬರೆಯುತ್ತಾಳೆ: 'ಕೋಳಿಯನ್ನು ಬಾ ಎಂದು ಕರೆದಳು', 'ಬೇಳೆ ಉಗುಳಿದಳು'. ಏನೂ ನಡೆಯದ ದಿನ ಮಗಳು ಸೀನಿದ್ದನ್ನಾದರೂ ಬರೆಯದೆ ಬಿಡುವುದಿಲ್ಲ. ತನಗೆ ಜ್ವರ ಬಂದಾಗಲೂ ಗೋಡೆಗೆ ಒರಗಿಕೊಂಡೇ ಬರೆದಳು. "ಯಾಕಿಷ್ಟು ದಣೀತಿ, ಭಾರತಿ?" ಎಂದು ಒಮ್ಮೆ ಕೇಳಿದೆ. ಅವಳು ತಾಯಿಯತ್ತ ತಿರುಗಿ, "ಯವ್ವಾ, ನಾ ಮೊದಲ ಯಾವಾಗ ನಡದ್ನಿ?" ಎಂದಳು. ಗದ್ದೆಮ್ಮ ಮೊಮ್ಮಗಳ ತಲೆ ಸವರುತ್ತ ಹೇಳಿದಳು: "ನನಗ ಗೊತ್ತಿಲ್ಲ ಬೇ. ತುರ್ವಿಹಾಳಕ್ಕ ನೆಲ್ಲು ನಾಟಿಗೆ ಹೋಗಿದ್ನಿ. ತಿಂಗಳಿಗೆ ಹೊಳ್ಳಿ ಬಂದಾಗ ನೀ ಎದುರಿಗೆ ಓಡಿ ಬಂದಿ."